ಸಾವಿನ ಮನೆಯಲ್ಲಿ ಕರ್ತ ಯಾರು?

“ಕರ್ತ ಯಾರಪ್ಪಾ?”

ಪುರೋಹಿತರು ಕೇಳಿದ್ದು ಇಷ್ಟೇ. ಸಾವಿನ ಮನೆಗಳಲ್ಲಿ ನೀವೂ ಈ ಪ್ರಶ್ನೆ ಕೇಳಿರುತ್ತೀರಿ. ಮಡಕೆ ಹೊರುವವನು ಯಾರು, ಕೊಳ್ಳಿ ಇಡುವವನು ಯಾರು ಎಂದು ಅರ್ಥ. ಯಾರೋ ಒಬ್ಬ ಗಂಡಸು “ನಾನು” ಎನ್ನುತ್ತಾನೆ, ಮುಂದಿನ ಕೆಲಸ ನಡೆಯುತ್ತದೆ.

ಆ ದಿನ ಗಂಡಸರು ಬಾಯಿ ತೆರೆಯುವ ಮೊದಲೇ ಒಳಕೋಣೆಯಿಂದ ಉತ್ತರ ಬಂತು.

“ಯೇಸು.”

ಹೇಳಿದ್ದು ನನ್ನ ತಂಗಿ ರತ್ನ. ಅಂಗಳದಲ್ಲಿ ಮಲಗಿಸಿದ್ದದ್ದು ಅವಳ ಗಂಡ ನಾಗರಾಜನನ್ನು. ಕೆ.ಆರ್. ಪೇಟೆಯಲ್ಲಿ ಚಿನ್ನದ ಕೆಲಸ ಮಾಡಿಕೊಂಡಿದ್ದವನು, ಮಾತು ಕಡಿಮೆ. ಎದೆನೋವೆಂದು ಕುಳಿತವನು ಮತ್ತೆ ಏಳಲಿಲ್ಲ.

ಸುದ್ದಿ ತಿಳಿದು ಪಾಂಡವಪುರದಿಂದ ಮೊದಲ ಬಸ್ಸಿಗೇ ಹೊರಟಿದ್ದೆ. ನನ್ನನ್ನು ಬಲ್ಲ ಓದುಗರಿಗೆ ಗೊತ್ತು, ಎಲ್ಲಕ್ಕೂ ಒಂದು ಕ್ರಮ ಬೇಕೆನ್ನುವ ಮನುಷ್ಯ ನಾನು. (ಡ್ರಿಲ್ ಮೇಷ್ಟ್ರಾಗಿದ್ದವನ ರೋಗ ಇದು, ನಿವೃತ್ತಿಯಾದರೂ ವಾಸಿಯಾಗಿಲ್ಲ.) ಸಾವಿನ ಮನೆಯಲ್ಲಿ ಕ್ರಮ ಇನ್ನೂ ಮುಖ್ಯ. ಅಳುವವರು ಅಳಲಿ, ಕೆಲಸ ಮಾತ್ರ ನಿಲ್ಲಬಾರದು.

ಆದರೆ ನಾನು ತಲುಪುವಷ್ಟರಲ್ಲಿ, ಪುರೋಹಿತರ ಆ ಪ್ರಶ್ನೆಗೂ ಮೊದಲೇ, ಅಲ್ಲಿ ಕೆಲಸ ನಿಂತೇಹೋಗಿತ್ತು. ನಾಗರಾಜನ ಅಣ್ಣ ಕೃಷ್ಣಾಚಾರಿ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ರತ್ನಳನ್ನು ಕೋಣೆಯಿಂದ ಹೊರಗೆ ಬಿಟ್ಟಿರಲಿಲ್ಲ.

“ಮೇಷ್ಟ್ರೇ, ನಿಮ್ ತಂಗಿಗೆ ನೀವೇ ಹೇಳಿ. ‘ಆ ದೇವ್ರನ್ನ ಬುಟ್ಟೆ’ ಅಂತ ಎಲ್ಲರ ಮುಂದೆ ಒಂದ್ ಮಾತು ಅನ್ಲಿ. ಆಮೇಲೆ ಗಂಡನ್ ತಾವ ಬರ್ಲಿ. ಇಲ್ದಿದ್ರೆ ಒಳಗೇ ಇರ್ಲಿ.”

ನಾನು ಕೋಣೆಗೆ ಹೋದೆ. ಜಗಳ ಬೇಡ, ರಾಹುಕಾಲಕ್ಕೆ ಮೊದಲು ಎತ್ತಬೇಕು, ಬೀದಿಯಲ್ಲಿ ಜನ ಕಾಯುತ್ತಿದ್ದಾರೆ. ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ.

“ಬಾಯಿಮಾತಿಗೆ ಒಂದ್ಸಲ ಅಂದ್ಬುಡು ರತ್ನ. ನಾಳೆಯಿಂದ ನಿನ್ನಿಷ್ಟ.”

ಅವಳು ನನ್ನ ಮುಖ ನೋಡಿದಳು. “ಪಲ್ಲವಿ ಸತ್ತಾಗ ನನ್ನ ಕೈ ಹಿಡ್ಕಂಡದ್ದು ಅದೊಂದೇ ಅಣ್ಣ. ಇವತ್ತು ಇವ್ರೂ ಒಂಟೋದ್ರು. ಅದನ್ನೂ ಬುಟ್ಬುಟ್ರೆ ಯಾತರ ಮ್ಯಾಲೆ ನಿಂತ್ಕಳ್ಲಿ?”

ಪಲ್ಲವಿ ಅವರ ಒಬ್ಬಳೇ ಮಗಳು. ಕಾಲೇಜಿಗೆ ಹೋಗುತ್ತಿದ್ದವಳಿಗೆ ಜ್ವರ ಬಂತು, ಮೈಸೂರಿನ ಆಸ್ಪತ್ರೆಗೆ ಸೇರಿಸಿದರು, ಉಳಿಯಲಿಲ್ಲ. ರತ್ನ ಅನ್ನ ಬಿಟ್ಟಳು, ಮಾತು ಬಿಟ್ಟಳು. ಧೈರ್ಯ ಹೇಳಲು ಬಂದ ನಾವೆಲ್ಲ ಹಣೆಬರಹ, ಕರ್ಮ, ಹೋದಜನ್ಮ ಎಂದು ಏನೇನೋ ಹೇಳಿದೆವು. ಹೇಳಿ ಊಟ ಮಾಡಿ ಹೊರಟೆವು.

ಮತ್ತೆ ಮತ್ತೆ ಬಂದವರು ಒಬ್ಬರೇ. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯ ಬಳಿ ಗಂಡನನ್ನು ನೋಡಿಕೊಳ್ಳುತ್ತಿದ್ದ ಎಸ್ತರಮ್ಮ, ಕಿರಂಗೂರಿನವರು. ಆಕೆಯ ಗಂಡನೂ ಬದುಕಲಿಲ್ಲ. ಆದರೂ ಬಸ್ಸು ಹಿಡಿದು ಬರುತ್ತಿದ್ದರು. ಬಂದು ಪಾತ್ರೆ ತೊಳೆದು, ರತ್ನಳ ತಲೆ ಬಾಚಿ, ಪಕ್ಕದಲ್ಲಿ ಕುಳಿತು ಮೆಲ್ಲಗೆ ಪ್ರಾರ್ಥನೆ ಮಾಡುತ್ತಿದ್ದರು. ಒಂದು ದಿನ ರತ್ನ ಕೇಳಿದಳಂತೆ: “ನಿಮ್ ದೇವ್ರು ನಿಮ್ ಯಜಮಾನ್ರನ್ನೂ ಉಳಿಸ್ಲಿಲ್ವಲ್ಲ, ಮತ್ಯಾಕೆ ಕರೀತೀರಿ?”

“ಅವನ ಮಗನೂ ಶಿಲುಬೆ ಮೇಲೆ ಸತ್ತಿದ್ದ ಕಣವ್ವ. ಅವನಿಗೆ ಗೊತ್ತು” ಎಂದರಂತೆ ಎಸ್ತರಮ್ಮ.

ಆ ಒಂದು ಮಾತು ರತ್ನಳೊಳಗೆ ಇಳಿಯಿತು. ಮೆಲ್ಲಗೆ ಎದ್ದು ಕುಳಿತಳು, ಚರ್ಚಿಗೆ ಹೋಗತೊಡಗಿದಳು. ಆಚಾರಿಗಳ ಬೀದಿಯಲ್ಲಿ ಗುಸುಗುಸು ಶುರುವಾಯಿತು. ನಾಗರಾಜ ತಾನು ದೀಪ ಹಚ್ಚುವ ದೇವರಿಗೇ ದೀಪ ಹಚ್ಚಿಕೊಂಡಿದ್ದ. “ಅನ್ನ ಉಣ್ತಾವ್ಳೆ, ನಂಗಷ್ಟು ಸಾಕು” ಎಂದಿದ್ದ ನನ್ನ ಹತ್ತಿರ.

ಈಗ ಮತ್ತೆ ಅಂಗಳಕ್ಕೆ ಬನ್ನಿ. ನಾನು ಕೋಣೆಯಿಂದ ಹೊರಗೆ ಬಂದಾಗಲೇ ಪುರೋಹಿತರು ಆ ಪ್ರಶ್ನೆ ಕೇಳಿದ್ದು.

ಚರ್ಚಿನಲ್ಲಿ ಯೇಸುವನ್ನು ಕರೆಯುವುದು ಕರ್ತ ಎಂದು. ಕೋಣೆಯ ಮೂಲೆಯಲ್ಲಿ ಬೆಳಗಿನಿಂದ “ಕರ್ತನೇ, ಕರ್ತನೇ” ಎನ್ನುತ್ತ ಕುಳಿತಿದ್ದವಳಿಗೆ ಪುರೋಹಿತರ ಪ್ರಶ್ನೆ ಬೇರೆಯೇ ಆಗಿ ಕೇಳಿಸಿದೆ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಾಳೆ.

ಕೃಷ್ಣಾಚಾರಿ ಎದ್ದ ರಭಸಕ್ಕೆ ಕುರ್ಚಿ ಉರುಳಿತು.

“ಎಣದ ಮುಂದೆ ಗೇಲಿ ಮಾಡ್ತೀಯಾ? ಎಲ್ಲವ್ನೆ ನಿನ್ ಕರ್ತ? ಕರಿ! ಬಂದು ಮಡಕೆ ಹೊರ್ಲಿ!”

ಹಿಂದೆ ಯಾರೋ ಕಿಸಕ್ಕೆಂದರು. “ಬಸ್ ಸಿಕ್ಕಿಲ್ವೇನೋ ಕಣ್ಲಾ.”

ರತ್ನ ಬಾಗಿಲಿಗೆ ಬಂದಳು. ಕಣ್ಣು ಕೆಂಪಗಿದ್ದವು, ದನಿ ನಡುಗುತ್ತಿತ್ತು.

“ಗೇಲಿ ಅಲ್ಲ ಭಾವ. ಐನೋರು ಕೇಳಿದ್ದು ತಿಳೀನಿಲ್ಲ. ಮಡಕೆ ನೀವೇ ಹೊರಿ. ಅವ್ರ ದೇವ್ರು, ಅವ್ರ ಶಾಸ್ತ್ರ, ಎಲ್ಲಾ ಅವ್ರು ಹೆಂಗೆ ಬಯಸಿದ್ರೋ ಅಂಗೇ ಆಗ್ಲಿ. ನಾನು ಜೊತೇಲಿ ನಡೀತೀನಿ, ಅಷ್ಟೇ. ಅವ್ರನ್ನ ಕಳಿಸ್ಕೊಡೋ ಒತ್ನಲ್ಲಿ ನನ್ ಬಾಯಲ್ಲಿ ಸುಳ್ಳು ಆಡಿಸ್ಬ್ಯಾಡಿ.”

ಎಲ್ಲರೂ ನನ್ನತ್ತ ನೋಡಿದರು. ಅವಳ ಅಣ್ಣ ನಾನು, ಅವಳ ಕಡೆಯ ಹಿರಿಯ. ಗದರಿಸಿ ಒಳಗೆ ಕಳಿಸುತ್ತೇನೆ ಎಂದೇ ಅವರ ನಿರೀಕ್ಷೆ. ನನ್ನ ನಿರೀಕ್ಷೆಯೂ ಹೆಚ್ಚುಕಡಿಮೆ ಅದೇ ಆಗಿತ್ತು ಎನ್ನಿ.

ಆದರೆ ಯೋಚಿಸಿ. ಆ ಅಂಗಳದಲ್ಲಿ ಸುಳ್ಳು ಹೇಳಿ ಬೇಗ ಕೆಲಸ ಮುಗಿಸೋಣ ಎನ್ನುತ್ತಿದ್ದವರು ಯಾರು? ನಾವು. ಬೇಡ ಎನ್ನುತ್ತಿದ್ದವಳು? ಅವಳೊಬ್ಬಳು. ಶಿಸ್ತು ಯಾರದು?

“ಕೃಷ್ಣಾಚಾರ್‍ರೇ, ಕರ್ತ ನೀವೇ. ಮಡಕೆ ತಗೊಳ್ಳಿ” ಎಂದೆ. “ರತ್ನ ನನ್ನ ಪಕ್ಕದಲ್ಲಿ ನಡೀತಾಳೆ. ಅವಳು ಬರೋದು ಬೇಡ ಅಂದ್ರೆ ನಾನೂ ಬರಲ್ಲ.”

ಪುರೋಹಿತರು ಗಡಿಯಾರ ನೋಡಿಕೊಂಡು, “ಹೊತ್ತಾಯ್ತು ಕೃಷ್ಣಾಚಾರಿ. ಹೆಂಡ್ತಿ ಬರಬಾರ್ದು ಅಂತ ನಾನೆಲ್ಲೂ ಓದಿಲ್ಲ” ಎಂದರು. ಕೃಷ್ಣಾಚಾರಿ ಹಲ್ಲು ಕಚ್ಚಿಕೊಂಡು ಮಡಕೆ ಎತ್ತಿದರು.

“ಬರ್ಲಿ. ಬಾಯಿ ಬುಡಬಾರ್ದು.”

ಅವಳು ಬಾಯಿ ಬಿಡಲಿಲ್ಲ. ತುಟಿ ಮಾತ್ರ ದಾರಿಯುದ್ದಕ್ಕೂ ಅಲುಗುತ್ತಿತ್ತು.

ಚಿತೆಗೆ ಬೆಂಕಿಯಿಟ್ಟ ಮೇಲೆ ತಿರುಗಿ ನೋಡದೆ ನಡೆಯುವುದು ನಮ್ಮ ಪದ್ಧತಿ. ಎಲ್ಲರೂ ಹೊರಟೆವು. ರತ್ನ ಮಾತ್ರ ತಿರುಗಿ ನಿಂತಳು.

“ತಿರುಗ್ಬ್ಯಾಡ ಕಣಮ್ಮಾ!” ಹಿಂದೆ ಅವಳ ಹೆಜ್ಜೆ ನಿಂತದ್ದು ಕೇಳಿ ಕೃಷ್ಣಾಚಾರಿ ಮುಂದೆ ನೋಡುತ್ತಲೇ ಕೂಗಿದರು. ಈ ಸಲ ದನಿಯಲ್ಲಿ ಇದ್ದದ್ದು ಸಿಟ್ಟಲ್ಲ, ಹೆದರಿಕೆ.

“ಮತ್ತೆ ಸಿಗೋರ್ನ ನೋಡಾಕೆ ಯಾಕ್ ಎದ್ರಿಕೆ ಭಾವ?”

“ಎಲ್ ಸಿಕ್ತಾನೆ? ನನ್ ತಮ್ಮ ನಿಮ್ ಚರ್ಚೊಳಕ್ಕೆ ಒಂದಿನ ಕಾಲಿಡ್ನಿಲ್ಲ.”

“ಕಾಲಿಡ್ನಿಲ್ಲ” ಎಂದಳು ರತ್ನ. “ಆದ್ರೆ ಭಾನುವಾರ ಭಾನುವಾರ ನನ್ನನ್ನ ಸ್ಕೂಟರಲ್ಲಿ ಕರ್ಕೊಂಡೋಗಿ ಬುಟ್ಟು, ಮುಗಿಯೋಗಂಟ ಬಿಸ್ಲಲ್ಲಿ ಕಾಯ್ಕಂಡು ನಿಂತಿರೋರು. ಅಷ್ಟು ಕಾದೋರ್ನ ನನ್ ಕರ್ತ ಆಚೇಗೇ ನಿಲ್ಲಿಸ್ಬುಡ್ತಾನಾ?”

ಕೃಷ್ಣಾಚಾರಿ ಹೆಜ್ಜೆ ನಿಲ್ಲಿಸಿದರು. ತಿರುಗುವಂತಿಲ್ಲ, ತಿರುಗಲಿಲ್ಲ. ಭುಜ ಮಾತ್ರ ಕುಲುಕತೊಡಗಿತು. ಬೆಳಗಿನಿಂದ ಅವರು ಅತ್ತದ್ದು ಅದೇ ಮೊದಲು.

ಹಾಗೆ ಕಾದವನನ್ನು ಹೊರಗೇ ನಿಲ್ಲಿಸುವ ದೇವರಾದರೆ, ಯಾವ ಧರ್ಮದವರಾದರೂ ಅವನಿಗೆ ಯಾಕೆ ಕೈಮುಗಿಯಬೇಕು, ಹೇಳಿ?