ಅತ್ತೆಯ ಜಿನ್ನಿಗೆ ಪ್ರೆಸ್ ಬಂದ ಬಗೆ

ನನ್ನ ಸೋದರತ್ತೆಯ ಜಿನ್ನಿಂಗ್ ಮಿಲ್ಲು ಬೈಲಹೊಂಗಲದ ಹೊರಗೆ, ಸವದತ್ತಿ ರಸ್ತೆಯಲ್ಲಿತ್ತು. ರೈತರು ತಂದ ಹತ್ತಿಯಿಂದ ಕಾಳು ಬೇರ್ಪಡಿಸಿ ಅರಳೆ ತೆಗೆಯುವ ಕೆಲಸ. ಮಾವ ಬದುಕಿದ್ದಾಗಲೇ ಅದನ್ನು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿದ್ದರು. ಅವರು ತೀರಿಕೊಂಡ ಮೇಲೆ ಅತ್ತೆ ಮಿಲ್ಲು ಮಾರಿಬಿಡುತ್ತಾಳೆಂದು ಪೇಟೆಯಲ್ಲಿ ಎಲ್ಲರೂ ಅಂದುಕೊಂಡಿದ್ದರು. ಅವಳು ಮಾರಲಿಲ್ಲ. ಒಂದು ಬೆಳಿಗ್ಗೆ ಆಫೀಸಿಗೆ ಬಂದು ಮಾವನ ಕುರ್ಚಿಯಲ್ಲಿ ಕುಳಿತಳು. ಕುರ್ಚಿ ಎತ್ತರವಾಗಿ ಪಾದ ನೆಲಕ್ಕೆ ತಾಗಲಿಲ್ಲ. ಬಡಿಗನನ್ನು ಕರೆಸಿ ಕುರ್ಚಿಯ ಕಾಲು ಕೊಯ್ಯಿಸಿದಳು. ಅಲ್ಲಿಗೆ ಮಿಲ್ಲು ಯಾರದು ಎಂಬ ಪ್ರಶ್ನೆ ಮುಗಿಯಿತು.

ನಾನಾಗ ಸಿಎ ಪರೀಕ್ಷೆ ಪಾಸಾಗಿ ಅದೇ ಊರಲ್ಲಿ ಸ್ವಂತ ಕಚೇರಿ ತೆರೆದಿದ್ದೆ. ಸಂಬಂಧಿಕಳಾದ್ದರಿಂದ ಅತ್ತೆಯ ಕಂಪನಿಯ ಆಡಿಟ್ ನಾನು ಮಾಡುತ್ತಿರಲಿಲ್ಲ, ಅದಕ್ಕೆ ಬೆಳಗಾವಿಯವರು ಬರುತ್ತಿದ್ದರು. ಸಲಹೆ ಮಾತ್ರ ನನ್ನದು. ಫೀ ಕೇಳಿದರೆ ಅತ್ತೆ ಊಟಕ್ಕೆ ಎಬ್ಬಿಸುತ್ತಿದ್ದಳು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮಿಲ್ಲಿನಲ್ಲಿ ಅರಳೆಯನ್ನು ಒತ್ತಿ ಅಂಡಿಗೆ, ಅಂದರೆ ಬಿಗಿಯಾದ ಮೂಟೆ, ಕಟ್ಟುವ ಪ್ರೆಸ್ ಇರಲಿಲ್ಲ. ಬಿಡಿ ಅರಳೆಯನ್ನು ಲಾರಿಗೆ ತುಂಬಿ ಹುಬ್ಬಳ್ಳಿಗೆ ಕಳಿಸಬೇಕು, ಅಲ್ಲಿ ಬಾಡಿಗೆ ಕೊಟ್ಟು ಒತ್ತಿಸಬೇಕು. ಅಷ್ಟರಲ್ಲಿ ವ್ಯಾಪಾರಿ ದರ ಇಳಿಸಿರುತ್ತಿದ್ದ. ಸ್ವಂತ ಪ್ರೆಸ್ ಹಾಕಿಸಲೇಬೇಕೆಂದು ಅತ್ತೆ ಹಟ ಹಿಡಿದಳು. ರೊಕ್ಕ ಎಲ್ಲಿಂದ ತರುವುದು ಎಂಬುದೇ ಉಳಿದ ಮಾತು.

ಸುದ್ದಿ ಕೇಳಿ ರಾಮದುರ್ಗದ ಮಾವ ಬಂದರು. ಅವರು ಅತ್ತೆಯ ಮೈದುನ, ಅಂದರೆ ತೀರಿಕೊಂಡ ಮಾವನ ತಮ್ಮ. ರಾಮದುರ್ಗದಲ್ಲಿ ದೊಡ್ಡ ಬಟ್ಟೆ ಅಂಗಡಿ. ಮಿಲ್ಲಿನ ಕಂಪನಿಯಲ್ಲೂ ಒಂದಿಷ್ಟು ಶೇರು ಅವರ ಹೆಸರಿಗಿದ್ದವು. ಚಹಾ ಕುಡಿಯುತ್ತಲೇ ವಿಷಯಕ್ಕೆ ಬಂದರು.

"ವೈನಿ, ಬ್ಯಾಂಕಿನ ಬಾಗಲಿಗೆ ಯಾಕ ಹೋಗ್ತೀರಿ? ಪ್ರೆಸ್ಸಿನ ರೊಕ್ಕ ಪೂರಾ ನಾ ಹಾಕ್ತೇನಿ. ಅಷ್ಟಕ್ಕ ಶೇರ ಬರದು ಕೊಡ್ರಿ. ಬಡ್ಡಿ ಇಲ್ಲ, ಕಂತ ಇಲ್ಲ."

ಅತ್ತೆ ಯೋಚಿಸಿ ಹೇಳುತ್ತೇನೆಂದು ಕಳಿಸಿದಳು. ಅವರು ಹೋದ ಮೇಲೆ ನನ್ನನ್ನು ಹತ್ತಿರ ಕೂರಿಸಿಕೊಂಡಳು. "ಅಂವಾ ಕೆಟ್ಟ ಮನಷ್ಯಾ ಅಲ್ಲ. ಆದ್ರ ಅರ್ಧಕ್ಕಿಂತ ಹೆಚ್ಚಿನ ಶೇರ ಅವಂದಾದ್ರ, ನಾ ಈ ಆಫೀಸಿಗೆ ಚಾ ಕುಡ್ಯಾಕ ಬರಬೇಕಷ್ಟ. ಮನಿ ಮನಷ್ಯಾಗ ಒಲ್ಲೆ ಅಂತ ಹೆಂಗ ಹೇಳ್ಲಿ?"

"ನೀ ಹೇಳೂದ ಬ್ಯಾಡ," ಅಂದೆ. "ಟ್ಯಾಕ್ಸ್ ಹೇಳತೈತಿ."

ಇದು ಬರೀ ನೆಪವಾಗಿರಲಿಲ್ಲ. ಮುಂದಿನ ವಾರ ಮೂವರೂ ಕುಳಿತಾಗ ನಾನು ಮಾವನಿಗೆ ಬಿಡಿಸಿ ಹೇಳಿದೆ. ಸಾಲದ ಬಡ್ಡಿಯನ್ನು ಕಂಪನಿ ಖರ್ಚೆಂದು ತೋರಿಸುತ್ತದೆ. ಅದನ್ನು ಲಾಭದಲ್ಲಿ ಕಳೆಯುತ್ತಾರೆ, ಉಳಿದದ್ದಕ್ಕೆ ಮಾತ್ರ ತೆರಿಗೆ. ಶೇರುದಾರನಿಗೆ ಕೊಡುವ ಡಿವಿಡೆಂಡ್ ಹಾಗಲ್ಲ. ಮೊದಲು ಲಾಭದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸರಕಾರಕ್ಕೆ ಹೋಗುತ್ತದೆ. ಉಳಿದದ್ದರಲ್ಲಿ ಡಿವಿಡೆಂಡ್ ಹಂಚಬೇಕು, ಹಂಚುವಾಗ ಅದರ ಮೇಲೂ ಕಂಪನಿ ಇನ್ನಷ್ಟು ತೆರಿಗೆ ಕಟ್ಟಬೇಕು. "ಅಂದ್ರ ಮಾವಾ, ನಿಮ್ಮ ಕೈಗೆ ನೂರು ರೂಪಾಯಿ ಡಿವಿಡೆಂಡ್ ಬರಬೇಕಂದ್ರ ನಾವು ನೂರಾ ಎಪ್ಪತ್ತರ ಸನೇಕ ದುಡೀಬೇಕು. ಬ್ಯಾಂಕಿಗೆ ನೂರು ಬಡ್ಡಿ ಕೊಡಬೇಕಂದ್ರ ನೂರ ದುಡದ್ರ ಸಾಕು."

ಮಾವ ಕನ್ನಡಕ ತೆಗೆದು ಒರೆಸಿದರು. ಮಾತು ಮುಗಿಯಿತೆಂದು ಅತ್ತೆ ನನ್ನತ್ತ ನೋಡಿದಳು. ಆದರೆ ಬಟ್ಟೆ ವ್ಯಾಪಾರದಲ್ಲಿ ತಲೆ ನೆರೆಸಿಕೊಂಡವರು ಅವರು.

"ಹಂಗಾದ್ರ ನಾನೂ ಸಾಲಾನ ಕೊಡ್ತೇನಿ. ಬ್ಯಾಂಕಿನಕಿಂತ ಕಡಿಮಿ ಬಡ್ಡಿಗೆ. ಆವಾಗ ಟ್ಯಾಕ್ಸ್ ಏನ ಹೇಳತೈತಿ?"

ನನಗೆ ನಗು ಬಂತು, ಮೆಚ್ಚುಗೆಯೂ ಆಯಿತು. ಟ್ಯಾಕ್ಸಿನ ಮಟ್ಟಿಗೆ ಅವರ ಮಾತು ಸರಿಯಾಗಿತ್ತು. ಆದರೆ ನನ್ನ ಅಂಜಿಕೆ ಬೇರೆ ಇತ್ತು, ಅದನ್ನು ಅವರೆದುರೇ ಹೇಳಿದೆ. ಲಾಭ ಇಲ್ಲದ ವರ್ಷ ಡಿವಿಡೆಂಡ್ ಕೊಡದೆ ಇರಬಹುದು. ಬಡ್ಡಿ ಕೊಡದೆ ಇರಲಾಗದು. ಲಾಭವೇ ಇಲ್ಲವಾದರೆ ತೆರಿಗೆಯ ಉಳಿತಾಯವೂ ಇಲ್ಲ. ತೆರಿಗೆ ಉಳಿಯುತ್ತದೆಂದು ಎಲ್ಲವನ್ನೂ ಸಾಲದಲ್ಲೇ ಎತ್ತಿದರೆ ಒಂದು ಕೆಟ್ಟ ಹಂಗಾಮು ಮಿಲ್ಲನ್ನು ಮುಚ್ಚಿಸುತ್ತದೆ. ಹಾಗಾಗಿ ಯಂತ್ರದ ಹೆಚ್ಚಿನ ಪಾಲಿಗೆ ಬ್ಯಾಂಕಿನ ಸಾಲ, ಉಳಿದದ್ದಕ್ಕೆ ಮಾವನ ಸಾಲ. ಮಾವನ ಸಾಲಕ್ಕೆ ಎರಡು ಕರಾರು: ನಷ್ಟದ ವರ್ಷ ಅವರ ಬಡ್ಡಿ ಕಾಯಬೇಕು, ಬ್ಯಾಂಕಿನದು ತೀರುವವರೆಗೆ ಅಸಲು ಕೇಳಬಾರದು. ಹಾಗೆ ಬರೆದುಕೊಟ್ಟರೆ ಬ್ಯಾಂಕಿನವರು ಆ ರೊಕ್ಕವನ್ನು ಹೆಚ್ಚುಕಡಿಮೆ ಮಾಲೀಕರ ಬಂಡವಾಳವೆಂದೇ ಎಣಿಸಿ ತಮ್ಮ ಸಾಲ ಕೊಡುತ್ತಾರೆ.

ಮಾವ ಸಿಟ್ಟಿಗೆದ್ದರು. "ಮಾಲಕಿನೂ ಇಲ್ಲ, ಬೇಕಂದಾಗ ರೊಕ್ಕಾನೂ ಇಲ್ಲ. ನಾ ಏನ ಹುಚ್ಚ ಅದೇನೇನು?"

ಉತ್ತರ ಕೊಟ್ಟವಳು ಅತ್ತೆ. "ಹುಚ್ಚರಲ್ಲ, ಮನಿಯವ್ರದೀರಿ. ಬ್ಯಾಂಕಿನವ್ರ ಹಿಂದ ನಿಂದ್ರಾಕ ಹೊರಗಿನವ್ರನ್ನ ಹೆಂಗ ಕೇಳ್ಲಿ?"

ಅವರು ಊಟಕ್ಕೂ ನಿಲ್ಲದೆ ರಾಮದುರ್ಗದ ಬಸ್ಸು ಹಿಡಿದರು. ಅತ್ತೆ ಮಾಡಿಸಿದ್ದ ಹೋಳಿಗೆ ನಾನೇ ತಿಂದೆ. ಕೆಲವು ದಿನ ಆ ಕಡೆಯಿಂದ ಸುದ್ದಿಯಿರಲಿಲ್ಲ. ನಾನು ಮಾತ್ರ ಬ್ಯಾಂಕಿಗೆ ಕೊಡಬೇಕಾದ ಅರ್ಜಿಯನ್ನು ಅವರ ಪಾಲೂ ಸೇರಿಸಿಯೇ ಸಿದ್ಧಮಾಡಿದೆ. ಅವರು ಒಪ್ಪುತ್ತಾರೆಂದು ನನಗೆ ಗಟ್ಟಿಯಾಗಿ ಅನ್ನಿಸಿತ್ತು. ಕೊನೆಗೆ ಫೋನು ಬಂತು. "ನಮ್ಮಣ್ಣನ ಮಿಲ್ಲು ಅದು. ಸಹಿ ಎಲ್ಲಿ ಮಾಡ್ಬೇಕು ಹೇಳು."

ಪ್ರೆಸ್ ಬಂತು. ಮೊದಲ ಅಂಡಿಗೆ ಹೊರಬಿದ್ದಾಗ ಅತ್ತೆ ಅದರ ಮೇಲೆ ಕೈಯಿಟ್ಟು, "ಗ್ವಾಡಿ ಆಗೇತಿ ನೋಡ," ಅಂದಳು. ಅರಳೆ ಗೋಡೆಯಷ್ಟು ಗಟ್ಟಿಯಾಗಬಹುದೆಂದು ಅವಳು ಊಹಿಸಿರಲಿಲ್ಲ. ಆ ಹಂಗಾಮು ಚೆನ್ನಾಗಿ ನಡೆಯಿತು. ಬಡ್ಡಿಯ ಜೊತೆ ಯಂತ್ರದ ಸವಕಳಿಯೂ ಲಾಭದಲ್ಲಿ ಕಳೆದು ತೆರಿಗೆ ಬಹಳ ಕಡಿಮೆ ಬಂತು. ಮಾವನಿಗೂ ಬಡ್ಡಿಯ ಚೆಕ್ಕು ಹೋಯಿತು. ಅವರ ಕಡೆಯಿಂದ ಒಂದು ತಕರಾರು ಬಂತು: "ನಿಮಗ ಉಳಿಸಿದ ಟ್ಯಾಕ್ಸ್ ಸರಕಾರ ನನ್ನ ಕಡೆ ವಸೂಲಿ ಮಾಡಾಕ ಹತ್ತೇತಿ." ನಿಜವೇ. ಡಿವಿಡೆಂಡಿಗೆ ಅವರು ತೆರಿಗೆ ಕಟ್ಟಬೇಕಿರಲಿಲ್ಲ, ಬಡ್ಡಿಗೆ ಕಟ್ಟಬೇಕಿತ್ತು. ಕಂಪನಿಯದು, ಅವರದು ಎರಡೂ ಕೂಡಿಸಿ ಲೆಕ್ಕ ಹಾಕಿದರೂ ಕುಟುಂಬಕ್ಕೆ ಲಾಭವೇ ಎಂದು ತೋರಿಸಿದೆ. ಅವರು ಒಪ್ಪಿದರು, ಆದರೆ ಗೊಣಗುವುದನ್ನು ಬಿಡಲಿಲ್ಲ.

ಮರುವರ್ಷದ ಹಂಗಾಮು ಕೆಟ್ಟಿತು. ಹತ್ತಿಗೆ ಹುಳ ಬಿತ್ತು, ದರವೂ ಕುಸಿಯಿತು, ಬಹಳ ಜನ ಗೋವಿನಜೋಳಕ್ಕೆ ತಿರುಗಿದ್ದರು. ಮಿಲ್ಲಿನ ಅಂಗಳದಲ್ಲಿ ಗಾಡಿಗಳೇ ಇಲ್ಲ. ಬ್ಯಾಂಕಿನ ಬಡ್ಡಿಗೆ ಅತ್ತೆ ಹೇಗೋ ಹೊಂದಿಸಿ ಕಟ್ಟುತ್ತಿದ್ದಳು. ಮಾವನ ಬಡ್ಡಿ ಕರಾರಿನಂತೆ ನಿಂತಿತು. ಅವರು ಜಗಳಕ್ಕೆ ಬರುತ್ತಾರೆಂದು ಅತ್ತೆ ತಯಾರಾಗಿದ್ದಳು.

ಬಂದವರು ಸೀದಾ ಪ್ರೆಸ್ಸಿನ ಹತ್ತಿರ ಹೋಗಿ ನಿಂತರು. ನನ್ನನ್ನು ಕರೆದು, "ಈಗ ಟ್ಯಾಕ್ಸ್ ಏನ ಹೇಳತೈತಿ?" ಅಂದರು.

"ಈ ವರ್ಷ ಅದು ಸುಮ್ಮನೈತಿ ಮಾವಾ. ಲಾಭ ಇದ್ರ ಅಷ್ಟ ಮಾತಾಡತೈತಿ. ಆದ್ರ ಈ ವರ್ಷದ ನಷ್ಟಾ ಮುಂದಿನ ಲಾಭದಾಗ ಮುರಕೋಬಹುದು. ಅಲ್ಲೀತನಾ ಮಿಲ್ಲು ಉಳೀಬೇಕು."

ಅವರು ಪ್ರೆಸ್ಸಿನ ಕಬ್ಬಿಣವನ್ನು ತಟ್ಟಿ ನೋಡಿದರು. "ಇಂಥಾ ಮಶೀನ್ ಸುಮ್ಮನ ಕುಂಡ್ರಿಸಿದ್ರ ಹೆಂಗ? ಸವದತ್ತಿ ಕಡೆ ಬಿಡಿ ಅರಳಿ ಇಟಕೊಂಡು ಕುಂತವ್ರು ನನಗ ಗೊತ್ತದಾರ. ಬಾಡಿಗಿಗೆ ಒತ್ತಿ ಕೊಡ್ರಿ."

ಅವರೇ ಊರೂರು ತಿರುಗಿದರು. ಸವದತ್ತಿ, ಸಿರಸಂಗಿ, ರಾಮದುರ್ಗ, ಇತ್ತ ಕಿತ್ತೂರಿನವರೆಗೆ. ಬಟ್ಟೆಯ ಉದ್ರಿ ವಸೂಲಿಗೆ ಹೋದಲ್ಲೆಲ್ಲ ಅರಳೆಯ ಮಾತನ್ನೂ ಆಡಿದರು. ಲಾರಿಗಳು ಬರತೊಡಗಿದವು. ಲಾಭವೇನೂ ಆಗಲಿಲ್ಲ. ಆದರೆ ಒತ್ತುವ ಬಾಡಿಗೆಯಲ್ಲಿ ಬ್ಯಾಂಕಿನ ಕಂತು ತಪ್ಪದೆ ಹೋಯಿತು. ಎಲ್ಲ ರೊಕ್ಕವೂ ಬ್ಯಾಂಕಿನದೇ ಆಗಿದ್ದರೆ ಆ ಬಾಡಿಗೆ ಸಾಲುತ್ತಿರಲಿಲ್ಲ. ಎಲ್ಲವೂ ಮಾವನ ಶೇರೇ ಆಗಿದ್ದರೆ ಅತ್ತೆ ಆ ಆಫೀಸಿನಲ್ಲಿ ಇರುತ್ತಿದ್ದಳೋ ಇಲ್ಲವೋ. ನನ್ನ ಲೆಕ್ಕ ಸರಿಯಾಗಿತ್ತೆಂದು ಇವತ್ತಿಗೂ ಧೈರ್ಯವಾಗಿ ಹೇಳುತ್ತೇನೆ.

ಮುಂದಿನ ಹಂಗಾಮುಗಳು ಕೈ ಹಿಡಿದವು. ಹಳೆಯ ನಷ್ಟ ಹೊಸ ಲಾಭವನ್ನು ನುಂಗಿ ಒಂದು ವರ್ಷ ತೆರಿಗೆಯೇ ಬರಲಿಲ್ಲ. ಆ ವರ್ಷ ಮೊದಲು ಹೋದದ್ದು ಮಾವನ ಬಾಕಿ ಬಡ್ಡಿ. ಹೊಸ ಶತಮಾನ ಬಂದು ಕೆಲವು ವರ್ಷಗಳಲ್ಲಿ ಬ್ಯಾಂಕಿನ ಸಾಲ ತೀರಿತು. ಮಾವನಿಗೆ ಅಸಲು ಕೇಳುವ ಹಕ್ಕು ಬಂತು. ಅವರು ಕೇಳುವ ಮೊದಲೇ ಅತ್ತೆ ಒಂದು ಮಾತು ಎತ್ತಿದಳು: ಅವರ ಸಾಲದಲ್ಲಿ ಒಂದು ಪಾಲಿಗೆ ಶೇರು ಕೊಟ್ಟು ಡೈರೆಕ್ಟರ್ ಮಾಡೋಣ.

ನಾನು ಬೇಡವೆಂದೆ. ಸಾಲವಾಗಿಯೇ ಇರಲಿ, ಬಡ್ಡಿಗೆ ತೆರಿಗೆ ಉಳಿಯುತ್ತದೆ.

"ಗೊತ್ತೈತಿ," ಅಂದಳು ಅತ್ತೆ. "ಅರ್ಧಕ್ಕಿಂತ ಕಡಿಮಿ ಕೊಡೂಣು. ಒಂದಿಷ್ಟು ಟ್ಯಾಕ್ಸ್ ಹೋದ್ರ ಹೋಗ್ಲಿ. ಕೆಟ್ಟ ವರ್ಷ ಊರೂರು ತಿರಗಿದವ್ರನ್ನ ಎಷ್ಟ ದಿನಾ ಸಾಲಾ ಕೊಟ್ಟವ್ರ ಸಾಲಿನ್ಯಾಗ ನಿಂದ್ರಸೂದು?"

ಆ ವೆಚ್ಚ ಎಷ್ಟೆಂದು ಲೆಕ್ಕ ಮಾಡಿ ಅವಳ ಮುಂದಿಟ್ಟೆ. ನೋಡಿ, ಆಗಲಿ ಅಂದಳು. ತಿಳಿದೇ ಕೊಟ್ಟದ್ದಾದ್ದರಿಂದ ನನಗೂ ಸರಿಯೆನಿಸಿತು.

ಮಾವ ಡೈರೆಕ್ಟರಾಗಿ ಬಂದ ಮೊದಲ ಸಭೆಯಲ್ಲೇ ಅತ್ತೆಯ ಹೊಸ ಯೋಜನೆಯನ್ನು ತಡೆದರು. ಹತ್ತಿಕಾಳಿನ ಎಣ್ಣೆ ತೆಗೆಯುವ ಗಾಣ ಹಾಕಿಸಬೇಕೆಂದು ಅವಳಿಗಿತ್ತು. ಎಣ್ಣೆ ಯಾರು ಕೊಳ್ಳುತ್ತಾರೆ, ಡಬ್ಬಿ ಯಾರು ಕೊಡುತ್ತಾರೆ, ಉದ್ರಿ ಎಷ್ಟು ತಿಂಗಳದ್ದು ಎಂದು ಒಂದೊಂದಾಗಿ ಕೇಳಿದರು. ಅತ್ತೆ ಆ ಪ್ರಶ್ನೆಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡಳು. ಶೇರು ಹೆಚ್ಚಿದ್ದದ್ದು ಅವಳದೇ. ಮನಸ್ಸು ಮಾಡಿದ್ದರೆ ಗಾಣ ಹಾಕಿಸಬಹುದಿತ್ತು. ಹಾಕಿಸಲಿಲ್ಲ.

ಸಂಜೆ ಅತ್ತೆಯೊಡನೆ ಮನೆಗೆ ನಡೆದು ಬರುವಾಗ ಅವಳು ಬೇಸರದಲ್ಲಿರಬಹುದೆಂದುಕೊಂಡೆ. ಅವಳೇ ಮಾತು ತೆಗೆದಳು.

"ಅಂವಾ ಕೇಳಿದ್ದು ಖರೆ ಐತಿ. ನಿಮ್ಮ ಮಾವ ಹ್ವಾದಮ್ಯಾಲ ನನಗ ಹಂಗ ಕೇಳವ್ರು ಯಾರೂ ಇರಲಿಲ್ಲ."

ದನಿಯಲ್ಲಿ ಬೇಸರವಿರಲಿಲ್ಲ. ದಾರಿಯಲ್ಲಿ ಬದನೆಕಾಯಿ ಕಂಡು ಚೌಕಾಸಿ ಮಾಡಲು ನಿಂತಳು.