ಅಣ್ಣನ ಬೆಲ್ಲ ಕೆಡಿಸಿದ ಮಾತು

ಯಲ್ಲಾಪುರದಿಂದ ಮದುವೆಗೆಂದು ನನ್ನನ್ನು ನೋಡಲು ಬಂದವರಿಗೆ ಅಣ್ಣ ಅಂಗಳದಲ್ಲಿ ಒಂದೇ ಮಾತು ಹೇಳಿದ್ದನಂತೆ: “ನಮ್ಮ ತಂಗಿಗೆ ಸಿಟ್ಟು ಬಂದ್ರ ಕೈಗೆ ಸಿಕ್ಕಿದ್ದು ಒಗೀತಾಳ್ರಿ.” ಅವರು ತಿರುಗಿ ಬರಲಿಲ್ಲ. ಆ ಮಾತು ಹಬ್ಬಿ, ಬೇರೆ ಯಾರೂ ಬರಲಿಲ್ಲ. ದಾಸನಕೊಪ್ಪದ ಹತ್ತಿರದ ಅವನ ಆಲೆಮನೆಯಲ್ಲಿ ಬೆಲ್ಲ ಕಾಸಲು ನಾನು ಬೇಕಿತ್ತು. ಆ ಯಲ್ಲಾಪುರದ ಮನೆಯ ಹೆಂಗಸೊಬ್ಬಳು ಸಿರಸಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ಇದನ್ನು ಹೇಳುವ ಹೊತ್ತಿಗೆ ನನ್ನ ಕೂದಲು ನರೆತಿತ್ತು. ಒಂದು ಮಾತಿನಿಂದ ನನ್ನ ಬಾಳು ಕೆಡಿಸಿದವನನ್ನು ಒಂದೇ ಮಾತಿನಿಂದ ಕೆಡಿಸುತ್ತೇನೆ ಅಂದುಕೊಂಡೆ.

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಆದರೆ ಮಾತನ್ನು ಎಲ್ಲಿ ಬಿಡಬೇಕೆಂದು ಗೊತ್ತಿತ್ತು. ಸಂತೆಯಲ್ಲಿ ಹೇಳಿದರೆ ಜಗಳಗಂಟಿ ಎನ್ನುತ್ತಾರೆ. ಸಿರಸಿ, ಸಿದ್ದಾಪುರ, ಯಲ್ಲಾಪುರದ ಮದುವೆಮನೆಗಳಿಗೆ ಅಡುಗೆಗೆ ಹೋಗುವ ಭಟ್ಟರೊಬ್ಬರು ನಮ್ಮಲ್ಲೇ ಜೇನಿನಂತೆ ಹರಿಯುವ ಜೋನಿಬೆಲ್ಲ ಒಯ್ಯುತ್ತಿದ್ದರು. ಅವರ ಡಬ್ಬ ತುಂಬಿಸುತ್ತ ದನಿ ತಗ್ಗಿಸಿದೆ.

“ಬಣ್ಣ ಬರ್ಲಿ ಅಂತ ಅಣ್ಣ ಅರಿವಿ ತೊಳಿಯೋ ಪುಡಿ ಹಾಕ್ತಾನ್ರಿ. ನನ್ನ ಹೆಸರು ಹೇಳಬ್ಯಾಡ್ರಿ ಮತ್ತ.”

“ಅಯ್ಯೋ ಮಾರಾಯ್ತಿ! ಅದ್ಕೇ ಮೊನ್ನೆ ಸಿದ್ದಾಪುರದಲ್ಲಿ ಪಾಯಸದ ಹಾಲು ಒಡೆದದ್ದು!”

ಕುದಿಯುವ ಹಾಲಿಗೆ ಸುರಿದರೆ ಯಾರ ಬೆಲ್ಲವಾದರೂ ಹಾಲು ಒಡೆಯುತ್ತದೆ. ಅವಸರ ಮಾಡಿದ್ದು ಅವರು. ತಪ್ಪು ಹೊರಿಸಲು ಇನ್ನೊಬ್ಬ ಸಿಕ್ಕ ಖುಷಿಯಲ್ಲಿ ನನ್ನ ಮಾತು ಹೊತ್ತು ತಿರುಗಿದರು. ಆಮೇಲೆ ಯಾರ ಮನೆಯಲ್ಲಿ ಹಾಲು ಒಡೆದರೂ ಅಣ್ಣನ ಪುಡಿಯೇ ಕಾರಣ. ಒಂದು ದಿನ ಪಕ್ಕದ ಮನೆಯವಳ ಮೊಬೈಲಿನಲ್ಲಿ ಯಾವಳದೋ ದನಿ: ಅವನ ಬೆಲ್ಲ ತಿಂದು ಮಕ್ಕಳು ವಾಂತಿ ಮಾಡಿಕೊಂಡವಂತೆ. ಸುಳ್ಳು ಹುಟ್ಟಿಸಿದ ನಾನೇ ಆಲೆಮನೆಗೆ ಹೋಗಿ ಕೊಪ್ಪರಿಗೆಯ ಸುತ್ತ ಪುಡಿ ಹುಡುಕಿದೆ.

ಮಾರಾಟವಾಗದ ಡಬ್ಬಗಳ ನಡುವೆ ಅಣ್ಣ ಗಿರಾಕಿಗಳ ದಾರಿ ಕಾಯುವಾಗ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಕೂತಿರು, ಯಾರೂ ಬಾರದ ಬಾಗಿಲು ಹೇಗಿರುತ್ತದೆ ನೋಡು.

ಆದರೆ ಒಮ್ಮೆ, ಅನುಮಾನಪಟ್ಟ ಗಿರಾಕಿಯ ಎದುರು, ಸಕ್ಕರೆ ಕಾಯಿಲೆಯ ಅಣ್ಣ ಬೊಗಸೆ ತುಂಬ ಬೆಲ್ಲ ಸುರಿದುಕೊಂಡು ಕುಡಿದುಬಿಟ್ಟ. ಆದರೂ ಗಿರಾಕಿ ಹೊರಟುಹೋದ. ನಾನು ಭಟ್ಟರ ಮನೆಗೆ ಓಡಿದೆ.

“ಪುಡಿ ಗಿಡಿ ಏನೂ ಇಲ್ರಿ. ಎಲ್ಲಾ ಸುಳ್ಳು.”

“ಪಾಪ, ಹೊಡೆದು ಹೇಳಿಸ್ತಿದ್ದಾನಾ?”

ನಾನೇ ಕಟ್ಟಿದ್ದು ಎನ್ನಲು ಬಾಯಿ ಬರಲಿಲ್ಲ. ಅಳುತ್ತ ನಿಂತೆ. ಅಣ್ಣ ತಂಗಿಗೆ ಹೊಡೆಯುತ್ತಾನೆ ಎಂಬುದೂ ಮೂರೂ ತಾಲೂಕಿಗೆ ಹೋಯಿತು.

ಈ ಸಲ ಆಲೆಮನೆಯ ಒಲೆ ಹಚ್ಚಲಿಲ್ಲ. ಕಬ್ಬನ್ನು ಫ್ಯಾಕ್ಟರಿ ಲಾರಿಗೆ ತುಂಬಿಸಿ ಬಂದ ಅಣ್ಣ ನನ್ನ ಪಕ್ಕ ಕೂತ.

“ಊರು ನಂಬ್ಲಿ ಬಿಡು. ನೀನು ನಂಬಬ್ಯಾಡವ್ವ.”

“ಇಲ್ಲಣ್ಣ” ಅಂದೆ.