ಈಚಲ ಸುಳಿ

ಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ನಾವು ಟೇಕಲ್ಲಿನ ಹತ್ತಿರವಿದ್ದೆವು. ಊರ ಕೆರೆಯ ಏರಿಯ ಕೆಳಗೆ ಏಳು ಈಚಲ ಮರಗಳಿದ್ದವು. ಕೊನೆಯದು ಇನ್ನೂ ಆಳೆತ್ತರದ್ದು. ಬೇಸಿಗೆಯಲ್ಲಿ ಅದಕ್ಕೆ ನನ್ನ ಹೆಂಡತಿ ನೀರು ಹೊಯ್ದು ಬೆಳೆಸಿದ್ದಳು. ಮಳೆಗಾಲದಲ್ಲಿ ಗೀಜಗಗಳು ಆ ಮರಗಳಲ್ಲಿ ಗೂಡು ಕಟ್ಟುತ್ತಿದ್ದವು. ಕೆಲಸ ಬಿಟ್ಟು ಅವಳು ನೋಡುತ್ತ ನಿಲ್ಲುತ್ತಿದ್ದಳು.

ಈಸ್ಟರ್ ಹಬ್ಬದ ಹಿಂದಿನ ಗರಿಗಳ ಭಾನುವಾರಕ್ಕೆ ನಮ್ಮ ಕ್ರೈಸ್ತ ಸಭೆಯವರು ಹಿಡಿಯುತ್ತಿದ್ದುದು ಈಚಲ ಗರಿಯನ್ನೇ. ಹಿಂದಿನ ದಿನ ಅವಳೇ ಕುಡುಗೋಲು ಹಿಡಿದು ಹೋಗಿ ಕೆಳಗಿನ ಬಲಿತ ಗರಿಗಳನ್ನಷ್ಟೇ ಕೊಯ್ದು ತರುವಳು. ಮುಳ್ಳು ತಾಗಿ ಕೈಯೆಲ್ಲ ಗೀರು. "ಸುಳಿ ದೇವ್ರದು, ಕೆಳಗಡೇದು ನಮ್ದು" ಎನ್ನುವಳು.

ಅವಳು ಜ್ವರದಲ್ಲಿ ತೀರಿಕೊಂಡ ಮರುವರ್ಷ, ಹಬ್ಬದ ಹಿಂದಿನ ದಿನ, ನಾನು ಗರಿ ಕೊಯ್ಯಲು ಕೆರೆಯ ಕಡೆ ಹೋಗುವುದು ತಡವಾಯಿತು. ಹೋದಾಗ ಅವಳ ಅಣ್ಣ, ನನ್ನ ಬಾವ, ಇನ್ನಿಬ್ಬರೊಂದಿಗೆ ಅಲ್ಲಿದ್ದರು. ಅವರು ಸಭೆಯ ಹಿರಿಯರು. ಏಳು ಮರಗಳ ನೆತ್ತಿಯನ್ನೂ ಸೀಳಿ, ನಡುವಿನ ಬೆಳ್ಳನೆಯ ಎಳೆಗರಿಗಳನ್ನು ಕಿತ್ತು ರಾಶಿ ಹಾಕಿದ್ದರು. ಹಳೆಯ ಗೂಡುಗಳು ನೆಲದ ಮೇಲೆ ಬಿದ್ದಿದ್ದವು.

"ಏನ್ ಬಾವ ಇದು? ಸುಳಿ ಕಿತ್ರೆ ಮರ ಉಳೀತದಾ?"

"ನಾಳೆ ಕೋಲಾರದಿಂದ ಪಾದ್ರಿ ದೊಡ್ಡಯ್ಯನೋರು ಬರ್ತಾವ್ರೆ. ಅವ್ರ ಕೈಗೆ ಮುಳ್ಳುಗರಿ ಕೊಡಾಕಾಗ್ತದಾ? ಸಾಯ್ಲಿ ಬಿಡಿ, ಹೆಂಡದ ಮರ ತಾನೇ? ಊರು ಉದ್ಧಾರ ಆಗ್ತದೆ."

"ಆ ಗೀಜಗನೂ ಕುಡುಕನೇ ಕಣಣ್ಣ. ಅದ್ಕೇ ಗೂಡು ತಲೆಕೆಳಗೆ ಕಟ್ತದೆ" ಎಂದ ಜೊತೆಯವನು. ಮೂವರೂ ನಕ್ಕರು.

ನಾನು ನಗಲಿಲ್ಲ. ಬಾವ ಎಳೆಗರಿಯಲ್ಲಿ ಹೆಣೆದ ಒಂದು ಪುಟ್ಟ ಶಿಲುಬೆಯನ್ನು ನನ್ನ ಕೈಗಿಟ್ಟರು. "ತಂಗಿ ಸಮಾಧಿಗೆ. ಅವಳ ಗಿಡದ್ದೇ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಅದು ನನ್ನ ಸಿಟ್ಟನ್ನು ಇನ್ನೂ ಹೆಚ್ಚಿಸಿತು. ಅವಳು ನೀರೆರೆದ ಮರದ ಜೀವ ತೆಗೆದು ಅವಳಿಗೇ ಕಾಣಿಕೆ ಮಾಡಿದ್ದರು, ಅದೂ ಪ್ರೀತಿಯಿಂದ.

ಮರುದಿನ ದೊಡ್ಡಯ್ಯನವರು ಗರಿಗಳ ಅಂದವನ್ನು ಹೊಗಳಿದರು. ಸಭೆ ಗರಿ ಬೀಸುತ್ತ ಹೊಸನ್ನ ಎಂಬ ಸ್ತುತಿ ಹಾಡಿತು. ನಾನು ಬರಿಗೈಯಲ್ಲಿ ನಿಂತಿದ್ದೆ. ದೇವರು ತಾನು ಮಾಡಿದ್ದನ್ನೆಲ್ಲ ನೋಡಿ ಒಳ್ಳೆಯದೆಂದನು ಎಂದು ಚಿಕ್ಕಂದಿನಿಂದ ಕಲಿತವರು ನಾವು. ಈಚಲೊಂದನ್ನು ಬಿಟ್ಟು ಎಂದು ಅಲ್ಲಿ ಎಲ್ಲಿ ಬರೆದಿದೆ? ಹೆಂಡ ಕುಡಿದವನು ಮನುಷ್ಯ, ಶಿಕ್ಷೆ ಮರಕ್ಕೆ. ಸೃಷ್ಟಿಯನ್ನು ಕೊಂದು ಅದೇ ಕೈಯಲ್ಲಿ ಸೃಷ್ಟಿಕರ್ತನಿಗೆ ಬೀಸಿದರೆ ಆತನಿಗೆ ಅದು ಕಾಣದೇ?

ಶಿಲುಬೆಯನ್ನು ಸಮಾಧಿಯ ಮೇಲೆ ಇಡಲಿಲ್ಲ. ಅವಳ ಮರದ ಬುಡದಲ್ಲಿಟ್ಟು ಬಂದೆ.

ಮಳೆ ಬಂದಾಗ ಗೀಜಗಗಳು ಬಂದವು. ಜೋತುಬಿದ್ದ ಒಣಗರಿಗಳ ಸುತ್ತ ಎರಡು ದಿನ ಕೂಗಾಡಿ ಹೋದವು. ಏಳರಲ್ಲಿ ಒಂದೂ ಚಿಗುರಲಿಲ್ಲ.

ಮುಂದಿನ ಗರಿಗಳ ಭಾನುವಾರಕ್ಕೆ ನಾನೇ ಅವಳ ಕುಡುಗೋಲು ಹಿಡಿದು ಎರಡು ಮೈಲಿ ಆಚೆಯ ಹಳ್ಳಕ್ಕೆ ಹೋಗಿ ಬಲಿತ ಗರಿ ತಂದೆ. ಸಭೆಯ ಗುಡಿಯ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೊಟ್ಟೆ. ಮಕ್ಕಳಿಗೆ ಮುಳ್ಳು ಸವರಿ ಕೊಟ್ಟೆ. ಬಾವನಿಗೆ ಸವರಲಿಲ್ಲ.

"ಅಯ್ಯೋ, ಚುಚ್ತು" ಎಂದರು.

"ಅವಳ್ಗೂ ಚುಚ್ತಿತ್ತು" ಎಂದೆ.

ಅವರು ಗರಿಯನ್ನು ಕೆಳಗಿಡಲಿಲ್ಲ.